ಬೆನ್ನು ತೆರೆದ ಹೆಡ್‌ಫೋನು ಮತ್ತು ಜಾಲಹಳ್ಳಿಯ ಸೈಕಲ್ಲು

ಮನುಷ್ಯರ ಕಿವಿಯೊಳಗೂ ಬೂಷ್ಟು ಬೆಳೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಳೆಯ ರೊಟ್ಟಿಯ ಮೇಲೆ ಬೆಳೆಯುವುದನ್ನು ನೋಡಿದ್ದೆ, ಮುಚ್ಚಳ ಸರಿಯಾಗಿ ಹಾಕದ ಉಪ್ಪಿನಕಾಯಿ ಭರಣಿಯಲ್ಲಿ ನೋಡಿದ್ದೆ. ರಾಯಚೂರಿನ ಕಿವಿ ಡಾಕ್ಟರು ನನ್ನ ಎಡಗಿವಿಯೊಳಗೆ ಬೆಳಕು ಬಿಟ್ಟು ನೋಡಿ, ಅದೇ ಜಾತಿಯದ್ದು ಇಲ್ಲಿಯೂ ಇದೆ ಎಂದಾಗ, ಮನೆ ಹೊಲಸಾಗಿಟ್ಟುಕೊಂಡು ಸಿಕ್ಕಿಬಿದ್ದವಳಂತೆ ನಾಚಿಕೆಯಾಯಿತು.

"ದಿನಕ್ಕ ಎಷ್ಟು ತಾಸು ಕಿವ್ಯಾಗ ವಾಯರ್ ಹಾಕ್ಕೋತೀರಿ?" ಎಂದು ಕೇಳಿದರು.

"ಐದಾರು ತಾಸು ಆಗ್ತದರೀ."

"ಯಾಕ? ಅಷ್ಟು ಹಾಡು ಕೇಳ್ತೀರಾ?"

"ಇಲ್ರೀ, ಅದು ನನ್ನ ಕೆಲಸ."

ಅವರು ನಂಬಲಿಲ್ಲ. ಅವರ ತಪ್ಪಿಲ್ಲ, ನನ್ನ ಕೆಲಸವನ್ನು ನನ್ನ ತವರಿನವರೂ ಇನ್ನೂ ನಂಬಿಲ್ಲ. ನಾನು ಕೇಳಿ ಬರೆಯುವವಳು. ಒಬ್ಬ ಸಂಶೋಧಕಿ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಹೋಗಿ ವಯಸ್ಸಾದವರನ್ನು ಮಾತಾಡಿಸುತ್ತಾರೆ. ಚೀಕಲಪರ್ವಿಯಲ್ಲಿ ಹರಿಗೋಲು ಹಾಕುತ್ತಿದ್ದವರು, ಚಂದ್ರಬಂಡದಲ್ಲಿ ಹತ್ತಿ ಬಿಡಿಸುತ್ತಿದ್ದವರು, ಸಂತೆಯಲ್ಲಿ ಬಳೆ ಮಾರುತ್ತಿದ್ದವರು ತಮ್ಮ ಬದುಕನ್ನು ತಮ್ಮ ಮಾತಿನಲ್ಲೇ ಹೇಳುತ್ತಾರೆ. ಆ ಧ್ವನಿ ನನ್ನ ಕಂಪ್ಯೂಟರಿಗೆ ಬರುತ್ತದೆ. ನಾನು ಒಂದಕ್ಷರ ತಿದ್ದದೆ ಟೈಪ್ ಮಾಡಿ ಕಳಿಸಬೇಕು. ಅವರು 'ಮನಿ' ಅಂದರೆ ಮನಿ, 'ಸಂತಿ' ಅಂದರೆ ಸಂತಿ. ಕೆಮ್ಮಿದರೆ ಕೆಮ್ಮಿದರು ಎಂದು ಬರೆಯಬೇಕು. ಕೆಲಸ ಕೊಡುವಾಗ ಸಂಶೋಧಕಿ ಒಂದೇ ಒಂದು ಷರತ್ತು ಹಾಕಿದ್ದರು: ಈ ಧ್ವನಿಗಳನ್ನು ನನ್ನ ಹೊರತು ಇನ್ನೊಬ್ಬರು ಕೇಳಬಾರದು. ಜನ ನಂಬಿ ಹೇಳಿದ ಮಾತು.

"ಇನ್ನ ಮ್ಯಾಲ ಕಿವಿ ಒಳಗ ಏನೂ ತುರುಕಬ್ಯಾಡ್ರಿ," ಎಂದು ಡಾಕ್ಟರು ಔಷಧಿ ಬರೆದುಕೊಟ್ಟರು. "ಹಾಕ್ಕೊಳ್ಳಲೇಬೇಕಂದ್ರ ಹೊರಗಿಂದ ಹಾಕ್ಕೊಳ್ಳೋದು ಹಾಕ್ಕೋರಿ. ಆದ್ರ ಕಿವಿಗೆ ಗಾಳಿ ಆಡಬೇಕು."

ಹೊರಗಿನಿಂದ ಮುಚ್ಚಬೇಕು, ಗಾಳಿಯೂ ಆಡಬೇಕು. ಆ ಎರಡು ಮಾತುಗಳನ್ನು ಒಟ್ಟಿಗೆ ಹೇಗೆ ನಡೆಸುವುದೆಂದು ಕೇಳುವಷ್ಟರಲ್ಲಿ ಮುಂದಿನ ರೋಗಿ ಬಂದು ಕುರ್ಚಿಯಲ್ಲಿ ಕೂತಾಗಿತ್ತು.

ಮೊದಲು ಸುಲಭದ ದಾರಿ ಹಿಡಿದೆ. ನನ್ನ ಮೈದುನನದು ಮಾನವಿಯಲ್ಲಿ ಮೈಕ್‌ಸೆಟ್ ಅಂಗಡಿ. ಮದುವೆ, ಜಾತ್ರೆ, ಭಾಷಣ, ಎಲ್ಲಕ್ಕೂ ಅವನ ಸ್ಪೀಕರ್ ಡಬ್ಬಗಳೇ. ಅವನ ಬಳಿ ಎರಡೂ ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಕಪ್ಪು ಹೆಡ್‌ಫೋನಿತ್ತು. ಅದನ್ನು ತಂದು ಹಾಕಿಕೊಂಡೆ. ಅದು ಏಪ್ರಿಲ್ ತಿಂಗಳು. ರಾಯಚೂರಿನ ಏಪ್ರಿಲ್ಲಿನಲ್ಲಿ ರೆಕ್ಸಿನ್ನಿನ ಎರಡು ಬಟ್ಟಲುಗಳನ್ನು ಕಿವಿಗೆ ಕವುಚಿಕೊಂಡು ಕೂತರೆ ಏನಾಗುತ್ತದೆಂದು ಬೇರೆ ಊರಿನವರಿಗೆ ಹೇಳಿ ಪ್ರಯೋಜನವಿಲ್ಲ. ಹತ್ತು ನಿಮಿಷಕ್ಕೆ ಕಿವಿಯಿಂದ ಬೆವರು ಇಳಿದು ಕುತ್ತಿಗೆಗೆ ಬರುತ್ತಿತ್ತು. ಎರಡು ವಾರಕ್ಕೆ ಬೂಷ್ಟು ಬಲಗಿವಿಗೂ ಬಂತು. ಡಾಕ್ಟರು ನನ್ನನ್ನು ನೋಡಿದ ನೋಟ, ಪಾಠ ಓದದೆ ಬಂದ ಹುಡುಗಿಯನ್ನು ಮಾಸ್ತರರು ನೋಡುವಂಥದ್ದು.

ಆಗ ಇಂಟರ್ನೆಟ್ಟಿನಲ್ಲಿ ಹುಡುಕಿ, ಓಪನ್‌ಬ್ಯಾಕ್ ಎಂಬ ಜಾತಿಯೊಂದಿದೆ ಎಂದು ತಿಳಿದುಕೊಂಡೆ. ಕಿವಿಯ ಸುತ್ತ ಕೂರುತ್ತದೆ, ಆದರೆ ಬೆನ್ನಿಗೆ ಮುಚ್ಚಳವಿಲ್ಲ, ಜಾಲರಿ ಮಾತ್ರ. ಗಾಳಿ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಡಾಕ್ಟರು ಹೇಳಿದ ಎರಡೂ ಮಾತು ಒಂದೇ ವಸ್ತುವಿನಲ್ಲಿ! ನನಗೆ ಅಳು ಬರುವಷ್ಟು ಸಂತೋಷವಾಯಿತು. ಆ ಸಂತೋಷ, ಯಾವುದನ್ನು ಕೊಳ್ಳಬೇಕೆಂದು ಓದಲು ಕೂತ ಮರುಗಳಿಗೆಗೆ ಮುಗಿಯಿತು.

ಈ ಹೆಡ್‌ಫೋನುಗಳ ಬಗ್ಗೆ ಬರೆಯುವವರೆಲ್ಲ ಯಾರು, ಅವರಿಗೆ ಮನೆಯಲ್ಲಿ ಬೇರೆ ಕೆಲಸವಿಲ್ಲವೇ ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಒಬ್ಬ ಒಂದು ಮಾಡೆಲ್ಲನ್ನು ಹೊಗಳಿದರೆ ಕೆಳಗೆ ನೂರು ಜನ ಅವನನ್ನು ಬೈಯುತ್ತಿದ್ದರು. ಇದರ ಧ್ವನಿ ಬೆಚ್ಚಗಿದೆ, ಅದರದು ತಣ್ಣಗಿದೆ, ಇನ್ನೊಂದರದು ಒಣಗಿದೆ ಎಂದು ಅಡುಗೆಯ ರುಚಿ ಹೇಳುವವರಂತೆ ಹೇಳುತ್ತಿದ್ದರು. ಕಡಿಮೆ ಬೆಲೆಯವನ್ನೆಲ್ಲ 'ಎಂಟ್ರಿ ಲೆವೆಲ್' ಎಂದು ಕರೆಯುತ್ತಿದ್ದರು. ಎಲ್ಲಿಗೆ ಎಂಟ್ರಿ? ನಾನು ಎಲ್ಲಿಗೂ ಹೊರಟವಳಲ್ಲ. ನನಗೆ ಬೇಕಾದದ್ದು ಇಷ್ಟೇ: ಚೀಕಲಪರ್ವಿಯ ಒಬ್ಬ ಹಲ್ಲಿಲ್ಲದ ಅಜ್ಜ ಒಂದು ಮಾತು ಹೇಳುತ್ತಾನೆ, ಅದು 'ಹುಟ್ಟು' ಎಂದೋ 'ಹುತ್ತ' ಎಂದೋ ನನಗೆ ತಿಳಿಯಬೇಕು. ಹಲ್ಲಿಲ್ಲದವರ ಮಾತಿಗೆ ಯಾವ ಹೆಡ್‌ಫೋನು ಒಳ್ಳೆಯದೆಂದು ಅಷ್ಟು ಜನರಲ್ಲಿ ಒಬ್ಬರೂ ಬರೆದಿರಲಿಲ್ಲ.

ಹಾಕಿ ನೋಡಿ ತರೋಣವೆಂದು ಪೇಟೆಗೆ ಹೋದೆ. ತೀನ್ ಕಂದಿಲ್ ಕಡೆಯ ನಾಲ್ಕು ಅಂಗಡಿಗಳಲ್ಲಿ ಮೂವರಿಗೆ ನಾನು ಕೇಳಿದ್ದೇನೆಂದೇ ತಿಳಿಯಲಿಲ್ಲ. ನಾಲ್ಕನೆಯ ಅಂಗಡಿಯವರು ಬಿಳಿ ಗಡ್ಡದ ಸಾಹೇಬರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಅಮ್ಮಾ, ಹಿಂದ ಖುಲ್ಲಾ ಇದ್ರ ಆವಾಜ್ ಎಲ್ಲಾ ಹೊರಗ ಹೋಗ್ತದಲ್ಲ? ಜನ ನನ್ನ ಹತ್ರ ಬಂದು ಹೊರಗಿನ ಆವಾಜ್ ಬರಬಾರದು ಅಂತ ಕೇಳ್ತಾರ. ನೀವು ಉಲ್ಟಾ ಕೇಳಾಕತ್ತೀರಿ," ಎಂದರು.

"ಕಿವ್ಯಾಗ ಬೂಷ್ಟು ಬಂದದರೀ," ಎಂದೆ.

"ಹಾಗಾದ್ರ ತಗೋರಿ ಪಾಪ. ಖರೇ ನನ್ನ ಹತ್ರ ಇಲ್ಲ. ಆನ್‌ಲೈನ್ ತರಿಸ್ರಿ. ಆದ್ರ ಮನ್ಯಾಗ ಮಂದಿ ಎಷ್ಟದಾರ, ಅದನ್ನ ನೋಡಿ ತರಿಸ್ರಿ."

ಇಡೀ ಇಂಟರ್ನೆಟ್ಟಿನಲ್ಲಿ ಸಿಗದ ಬುದ್ಧಿಮಾತನ್ನು ಆ ಮನುಷ್ಯ ಒಂದು ನಿಮಿಷದಲ್ಲಿ ಹೇಳಿದ್ದರು. ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಆಗ ನಾನು ಮತ್ತು ನನ್ನ ಗಂಡ ಇಬ್ಬರೇ. ಅವರು ಅಕ್ಕಿ ಮಿಲ್ಲಿನಲ್ಲಿ ಸೂಪರ್‌ವೈಸರ್, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಮನೆ ದಿನವಿಡೀ ನನ್ನದೇ ಎಂದುಕೊಂಡು, ಇದ್ದವುಗಳಲ್ಲಿ ಕಡಿಮೆ ಬೆಲೆಯ, ಕಡಿಮೆ ಜನ ಬೈದಿದ್ದ ಒಂದನ್ನು ತರಿಸಿದೆ.

ಪೆಟ್ಟಿಗೆ ಬಂತು. ಮೆತ್ತನೆಯ ಮಖಮಲ್ಲಿನ ದಿಂಬುಗಳು, ಹಿಂದೆ ಹಿಟ್ಟಿನ ಜರಡಿಯಂಥ ಜಾಲರಿ, ಹಗುರ. ಆದರೆ ಅದರ ವಾಯರು ಮೂರು ಮಾರುದ್ದ. ನಮ್ಮ ಮನೆಯ ಹಾಲಿನಲ್ಲಿ ಕೂತು ಹಾಕಿಕೊಂಡರೆ ಅಡುಗೆಮನೆಯವರೆಗೂ ಬಳ್ಳಿಯಂತೆ ಹರಿದಾಡುವಷ್ಟು. ವಾಯರಿನ ತುದಿಗೆ ಹೆಬ್ಬೆರಳ ಗಾತ್ರದ ಪಿನ್ನು. ನನ್ನ ಲ್ಯಾಪ್‌ಟಾಪಿನ ತೂತು ಅದರ ಅರ್ಧ. ನಡುವೆ ಹಾಕುವ ಚಿಕ್ಕ ಪಿನ್ನು ಪೆಟ್ಟಿಗೆಯಲ್ಲಿ ಇರಬೇಕಿತ್ತಂತೆ, ಇರಲಿಲ್ಲ. ಮೈದುನನಿಗೆ ಫೋನ್ ಮಾಡಿದೆ. ಅವನು ಐದು ನಿಮಿಷ ನಕ್ಕ.

"ಅತ್ತಿಗಿ, ಆ ದೊಡ್ಡ ಪಿನ್ನು ನಮ್ಮ ಮೈಕ್‌ಸೆಟ್‌ನ್ಯಾಗ ಹಾಕೋದು. ಅದಕ್ಕ ಜೋಡಿಸೋದು ನನ್ನ ಹತ್ರ ಡಬ್ಬಿ ತುಂಬ ಅದಾವ. ಬರ್ರಿ ಮಾನವಿಗೆ."

ಬಸ್ಸು ಹತ್ತಿ ಮಾನವಿಗೆ ಹೋದೆ. ಅಂಗಡಿಯಲ್ಲಿ ಅವನು ಹೆಡ್‌ಫೋನನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಜಾಲರಿಯ ಮೂಲಕ ನನ್ನನ್ನು ನೋಡಿದ. "ಹಿಂದ ತೂತು ಬಿಟ್ಟು ಮಾರ್ಯಾರ. ನಾವು ತೂತು ಬಿದ್ದ ಸ್ಪೀಕರ್ ಗುಜರಿಗೆ ಹಾಕ್ತೀವಿ," ಎಂದ. ಆದರೂ ಪಿನ್ನು ಹುಡುಕಿ ಕೊಟ್ಟ. ಕೊಟ್ಟು, "ಅತ್ತಿಗಿ, ಇನ್ನೊಂದು ಮಾತು," ಎಂದು ತಲೆ ಕೆರೆದುಕೊಂಡ. "ಮದುವಿ ಸೀಜನ್ ಅದ. ದಿನಾ ಇಲ್ಲಿ ಡಬ್ಬ ಟೆಸ್ಟ್ ಮಾಡ್ತೀವಿ. ಯವ್ವಗ ತಲಿ ನೋವು ಬರಾಕತ್ತದ. ಸೀಜನ್ ಮುಗಿಯೂತನ ನಿಮ್ಮ ಮನ್ಯಾಗ ಇರಲಿ."

ಒಂದು ಪಿನ್ನಿಗೆಂದು ಹೋದವಳು ಪಿನ್ನು ಮತ್ತು ಅತ್ತೆ ಇಬ್ಬರನ್ನೂ ಕರೆದುಕೊಂಡು ರಾಯಚೂರಿಗೆ ಬಂದೆ.

ಹೆಡ್‌ಫೋನಿಗೆ ನ್ಯಾಯವಾಗಿ ಸಲ್ಲಬೇಕಾದ ಮಾತನ್ನು ಹೇಳಿಬಿಡುತ್ತೇನೆ. ಮರುದಿನ ನಸುಕಿನಲ್ಲಿ ಅದನ್ನು ಹಾಕಿಕೊಂಡು ಚೀಕಲಪರ್ವಿಯ ಅಜ್ಜನನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಮೊದಲು ಎಲ್ಲವೂ ನನ್ನ ತಲೆಯೊಳಗೆ ಮುದ್ದೆಯಾಗಿ ಕೇಳುತ್ತಿದ್ದದ್ದು, ಈಗ ಹರಡಿಕೊಂಡಿತ್ತು. ಅಜ್ಜ ನನ್ನ ಎದುರಿಗಿದ್ದ. ಎಡಕ್ಕೆ ಕೋಳಿ ಕೆದಕುತ್ತಿತ್ತು. ಬಲಗಡೆ ಸ್ವಲ್ಪ ದೂರದಲ್ಲಿ ಅವನ ಹೆಂಡತಿ, "ಹುಟ್ಟ ಅಂತ ಬಾಯಿಬಿಟ್ಟು ಹೇಳು, ಹರಗೋಲ ಹುಟ್ಟ," ಎಂದು ತಿದ್ದುತ್ತಿದ್ದಳು. ಆ ಹೆಂಗಸು ಅಲ್ಲಿ ಇದ್ದಾಳೆಂದೇ ನನಗೆ ಮೂರು ವಾರ ಗೊತ್ತಿರಲಿಲ್ಲ. ಕಿವಿ ಬಿಸಿಯಾಗಲಿಲ್ಲ, ಬೆವರಲಿಲ್ಲ. ಅರ್ಧ ತಾಸು ನಾನು ಲೋಕದ ಅತ್ಯಂತ ಸುಖಿ ಹೆಂಗಸಾಗಿದ್ದೆ.

ಎಂಟು ಗಂಟೆಗೆ ಬಿಸಿಲೇರಿ ಕೂಲರ್ ಹಚ್ಚಿದೆವು. ಸುಖ ಅಲ್ಲಿಗೆ ಮುಗಿಯಿತು. ಕೂಲರಿನ ಸದ್ದು ಜಾಲರಿಯ ಮೂಲಕ ನೇರವಾಗಿ ಕಿವಿಗೆ ಬಂದು ಅಜ್ಜನ ಮೇಲೆ ಕೂತಿತು. ಕೂಲರ್ ಆರಿಸಿದರೆ ಅಜ್ಜ ಕೇಳುತ್ತಾನೆ, ನಾನು ಬೇಯುತ್ತೇನೆ. ಹಚ್ಚಿದರೆ ನಾನು ಬದುಕುತ್ತೇನೆ, ಅಜ್ಜ ಮುಳುಗುತ್ತಾನೆ. ಕುತ್ತಿಗೆಗೆ ಹಸಿ ಟವೆಲ್ ಸುತ್ತಿಕೊಂಡು ಕೂತೆ. ಪಕ್ಕದ ಮನೆಯ ಮಿಕ್ಸರು, ಕುಕ್ಕರಿನ ಸೀಟಿ, "ಹಳೇ ಕಬ್ಬಿಣ, ಪ್ಲಾಸ್ಟಿಕ್" ಎಂದು ಕೂಗುತ್ತ ಹೋಗುವ ಆಟೋ, ಎಲ್ಲರೂ ಚೀಕಲಪರ್ವಿಯ ಹೊಳೆದಂಡೆಗೆ ಬಂದು ಕೂರುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆ. ಹಳೆಯ ಹೆಡ್‌ಫೋನಾಗಿದ್ದರೆ ಕೇಳಿಸಲಿಲ್ಲ ಎನ್ನಬಹುದಿತ್ತು. ಇದರಲ್ಲಿ ಎಲ್ಲ ಕೇಳುತ್ತದೆಂದು ಅವರು ಎರಡನೇ ದಿನವೇ ಪತ್ತೆ ಮಾಡಿದರು. "ತೊಗರಿ ಬ್ಯಾಳಿ ಇಡ್ಲೇನು?" ಎಂದು ಅಡುಗೆಮನೆಯಿಂದ ಕೇಳುವರು. ನಾನು ತಿರುಗದಿದ್ದರೆ, "ಕೇಳಿಸ್ತದ ನಿನಗ, ನನಗ ಗೊತ್ತದ," ಎನ್ನುವರು. ಒಂದು ವಾಕ್ಯಕ್ಕೆ ನಾಲ್ಕು ಸಲ ನಿಲ್ಲಿಸಿ ಹಿಂದಕ್ಕೆ ಹೋಗಬೇಕಾಗುತ್ತಿತ್ತು. ಒಂದು ಸಂಜೆ ಊಟಕ್ಕೆ ಕೂತ ಗಂಡನೂ, "ಆ ಬಳಿ ಮಾರಾಕಿ ಗಂಡ ವಾಪಸ್ ಬಂದನೇನು ಕಡೀಕ?" ಎಂದು ಕೇಳಿದರು. ನಾನು ತುತ್ತನ್ನು ತಟ್ಟೆಗೇ ಹಾಕಿದೆ.

"ನಿಮಗ ಹೆಂಗ ಗೊತ್ತು?"

"ನಿನ್ನೆ ಟೀ ಕುಡೀತಾ ಕೇಳಿದ್ನಲ್ಲ. ಸಣ್ಣಗ ಕೇಳಸ್ತದ, ಸೊಳ್ಳಿ ಮಾತಾಡಿದಂಗ."

ಸಾಹೇಬರ ಮಾತು ಆಗ ನೆನಪಾಯಿತು. ಅಂದಿನಿಂದ ದನಿ ತೀರ ಸಣ್ಣದು ಮಾಡಿ, ಬಾಗಿಲು ಹಾಕಿಕೊಂಡು ಕೂರತೊಡಗಿದೆ. ಒಳಗಿನ ಕೋಣೆಯಲ್ಲಿ ಕಿಟಕಿಯಿಲ್ಲ. ಮೂರು ದಿನಕ್ಕೆ ತಲೆ ಸುತ್ತಿ ಮತ್ತೆ ಹಾಲಿಗೇ ಬಂದೆ.

ಆ ಮಧ್ಯಾಹ್ನ ಕರೆಂಟು ಹೋಗಿತ್ತು. ಇನ್ವರ್ಟರೂ ಕೈಕೊಟ್ಟಿತ್ತು. ಕೂಲರಿಲ್ಲ, ಫ್ಯಾನಿಲ್ಲ, ಪಕ್ಕದ ಮಿಕ್ಸರಿಲ್ಲ. ಇಡೀ ಓಣಿ ಸುಮ್ಮನಾಗಿತ್ತು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತು. ಅತ್ತೆ ಗೋಡೆಗೆ ಒರಗಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು, ಕಣ್ಣು ಎಳೆಯುತ್ತಿದ್ದವು, ನಿದ್ದೆ ಹೋದರೆಂದುಕೊಂಡೆ. ಇಂಥ ಮೌನ ಮತ್ತೆ ಸಿಗದೆಂದು ದನಿ ಏರಿಸಿ ಹೊಸ ಕಡತ ಹಚ್ಚಿದೆ. ಅದು ಜಾಲಹಳ್ಳಿಯದು. ಒಬ್ಬ ಮುಸ್ಲಿಂ ಅಜ್ಜಿ, ಸೈಕಲ್ ರಿಪೇರಿ ಅಂಗಡಿಯವರ ಮಗಳು. ಮಾತಿನ ನಡುನಡುವೆ "ಅರೆ ಕ್ಯಾ ಬೋಲೂ ಮಾ, ಏನಂತ ಹೇಳಲಿ" ಎಂದು ನಗುತ್ತಿದ್ದರು. ನಗು ಗಂಟಲಿನಿಂದ ಹೊರಟು ಕೊನೆಗೆ ಸೀಟಿಯಾಗುತ್ತಿತ್ತು.

ಮೊರ ನೆಲಕ್ಕಿಟ್ಟ ಸದ್ದು ಕೇಳಿತು. ತಿರುಗುವಷ್ಟರಲ್ಲಿ ಅತ್ತೆ ನನ್ನ ಪಕ್ಕದಲ್ಲಿದ್ದರು.

"ಯಾರಬೇ ಅದು, ಆ ನಗು?"

"ಯಾರೋ ಅತ್ತಿ. ಹೇಳಾಂಗಿಲ್ಲ ನಾನು."

"ನನಗ ಹೇಳಬ್ಯಾಡ. ನನಗ ಗೊತ್ತದ ಅಕಿ ಯಾರಂತ."

ಹೇಳಿ, ಬಾಗಿ ನನ್ನ ಬಲಗಿವಿಯ ಜಾಲರಿಗೆ ತಮ್ಮ ಎಡಗಿವಿ ಒತ್ತಿದರು. ಒಳಗೆ ನನ್ನ ಕಿವಿ, ಹೊರಗೆ ಅವರ ಕಿವಿ, ನಡುವೆ ಆ ಅಜ್ಜಿ. ನಿಲ್ಲಿಸಬೇಕಿತ್ತು. ಕೈ ಕೀಲಿಮಣೆಯ ಮೇಲೆಯೇ ಇತ್ತು. ಆದರೆ ಅತ್ತೆಯ ಉಸಿರು ಬಿಗಿಯಾಗಿದ್ದನ್ನು ಕೇಳುತ್ತ ನಾನು ನಿಲ್ಲಿಸಲಿಲ್ಲ. ಈ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕಲಾರೆ.

ಅಜ್ಜಿ ಹೇಳುತ್ತಿದ್ದದ್ದು ಒಂದು ಹಳೆಯ ಸಂತೆಯ ದಿನದ ಕತೆ. ಊರಿನ ಗಂಡಸರೆಲ್ಲ ದೇವದುರ್ಗದ ಸಂತೆಗೆ ಹೋಗಿದ್ದಾರೆ. ಇವರ ಚಿಕ್ಕಮ್ಮನಿಗೆ ಹೆರಿಗೆ ನೋವು, ಕೂಸು ಅಡ್ಡ ಬಂದಿದೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಹದಿಮೂರು ಹದಿನಾಲ್ಕರ ಇಬ್ಬರು ಹುಡುಗಿಯರು, ಇವರು ಮತ್ತು ಇವರ ಗೆಳತಿ, ಇವರ ಅಪ್ಪನ ಅಂಗಡಿಯ ಸೈಕಲ್ ತೆಗೆದುಕೊಂಡು ದೇವದುರ್ಗದ ಆಸ್ಪತ್ರೆಗೆ ಹೋಗಿ ನರ್ಸಮ್ಮನನ್ನು ಜೀಪಿನಲ್ಲಿ ಕರೆತರುತ್ತಾರೆ. ತಾಯಿ ಮಗು ಉಳಿಯುತ್ತಾರೆ.

"ಸೈಕಲ್ ನಾ ತುಳದೆ," ಎಂದರು ಅಜ್ಜಿ ನನ್ನ ಕಿವಿಯಲ್ಲಿ. "ನಮ್ಮ ಗೆಳತಿ ಒಬ್ಬಾಕಿ ಇದ್ಲು, ಗೌಡ್ರ ಓಣ್ಯಾಕಿ. ಅಕಿ ಹಿಂದ ಕುಂತು ದಾರಿ ತುಂಬ ಅಳಕೋತ ಬಂದ್ಲು."

"ಸುಳ್ಳು!" ಎಂದು ಅತ್ತೆ ನನ್ನ ಕಿವಿಯ ಹೊರಗೆ ಕಿರುಚಿದರು. "ಸುಳ್ಳು ಹೇಳಾಕತ್ತಾಳ! ತುಳದಾಕಿ ನಾನು! ಅತ್ತಾಕಿ ಅಕಿ!"

ನಾನು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ. ಅದು ಅಲ್ಲಿಂದಲೂ ಸೊಳ್ಳೆಯಂತೆ ನಗುತ್ತಿತ್ತು.

ಅತ್ತೆಯ ತವರು ಜಾಲಹಳ್ಳಿ ಎಂದು ನನಗೆ ಗೊತ್ತಿತ್ತು. ಅವರ ತಾಯಿ ತೀರಿಕೊಂಡ ಮೇಲೆ ಅಣ್ಣಂದಿರು ದೇವದುರ್ಗಕ್ಕೆ ಬಂದು ನೆಲೆಸಿದ್ದರಿಂದ ಅಲ್ಲಿಗೆ ಹೋಗುವ ಕಾರಣವೇ ಉಳಿದಿರಲಿಲ್ಲ. ಈ ಗೆಳತಿಯ ಮಾತನ್ನು ಒಮ್ಮೆಯೂ ಎತ್ತಿದವರಲ್ಲ. ಆಕೆಯನ್ನು ಲಿಂಗಸುಗೂರಿನ ಕಡೆ ಕೊಟ್ಟಿದ್ದರಂತೆ, ಮತ್ತೆ ಜಾಲಹಳ್ಳಿಗೇ ಬಂದು ನೆಲೆಸಿದ್ದು ಇವರಿಗೆ ಗೊತ್ತೇ ಇರಲಿಲ್ಲ. ಇವರನ್ನು ಮಾನವಿಗೆ ಕೊಟ್ಟರು. ಜಗಳವಿಲ್ಲ, ಮುನಿಸಿಲ್ಲ. ಮದುವೆಯಾಯಿತು, ಅಷ್ಟೇ. ಐವತ್ತು ವರ್ಷ ಹೋಯಿತು.

"ಅದನ್ನ ಅಳಿಸು," ಎಂದರು ಅತ್ತೆ. "ಅಳಿಸಿ ಖರೇದು ಬರಿ."

"ಹಂಗ ಬರಿಯಾಕ ಬರೂದಿಲ್ಲ ಅತ್ತಿ. ಅವರು ಏನಂತಾರ ಅದನ್ನ ಬರೀಬೇಕು."

"ಸುಳ್ಳು ಹೇಳಿದ್ರೂ?"

"ಸುಳ್ಳು ಹೇಳಿದ್ರೂ."

"ಎಂಥ ದರಿದ್ರ ಕೆಲಸಬೇ ನಿಂದು," ಎಂದು ಹೇಳಿ ಎದ್ದು ಹೋದರು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಮರುದಿನವೂ ಮುಖ ಕೊಡಲಿಲ್ಲ.

ಸಂಶೋಧಕಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ನಿಮ್ಮ ಷರತ್ತು ಮುರಿದಿದೆ, ಹೆಡ್‌ಫೋನು ಸೋರುತ್ತದೆ, ಅತ್ತೆ ಕೇಳಿಬಿಟ್ಟರು ಎಂದೆ. ಅವರು ಮೊದಲು ಬೈದರು. "ಸೋರುವುದನ್ನು ಯಾಕೆ ತಗೊಂಡಿರಿ?" ಎಂದು ಕೇಳಿದರು. ಬೂಷ್ಟಿನ ಕತೆಯನ್ನು ಮೂರನೇ ಸಲ ಹೇಳಿದೆ. ಕೆಲಸ ಹೋಯಿತೆಂದುಕೊಂಡು ಕಣ್ಣು ಮುಚ್ಚಿದ್ದೆ. ಆಗ ಅವರು ದನಿ ಇಳಿಸಿ, "ನಿಮ್ಮ ಅತ್ತೆ ತಮ್ಮ ಕಡೆಯ ಕತೆ ಹೇಳುತ್ತಾರಾ?" ಎಂದರು.

ಅವರೇ ಜಾಲಹಳ್ಳಿಯ ಅಜ್ಜಿಗೆ ಫೋನ್ ಮಾಡಿ ನಡೆದದ್ದನ್ನು ತಿಳಿಸಿದರು. ಅಜ್ಜಿಗೆ ಸಿಟ್ಟೇನೂ ಬರಲಿಲ್ಲವಂತೆ. "ಅಳಬುರುಕಿ ಇನ್ನೂ ಜೀವಂತ ಅದಾಳ? ಕರಕೊಂಡು ಬರಾಕ ಹೇಳ್ರಿ," ಎಂದರಂತೆ. ಸಂಶೋಧಕಿಗೆ ಬರಲಾಗುತ್ತಿರಲಿಲ್ಲ. ನಾನೇ ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರಬೇಕೆಂದು ತೀರ್ಮಾನವಾಯಿತು. 'ಅಳಬುರುಕಿ' ಎಂಬ ಪದವನ್ನು ನಾನು ಅತ್ತೆಗೆ ಹೇಳಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋದೆವು. ಬಸ್‌ಸ್ಟ್ಯಾಂಡಿನಲ್ಲಿ ಚುರುಮುರಿಯ ಮಂಡಾಳ ಒಗ್ಗರಣೆ, ಮಿರ್ಚಿ ತಿಂದೆವು. ಅತ್ತೆ ತಿನ್ನುತ್ತಲೂ ಬೆರಳು ಮಡಚಿ ಸಾಕ್ಷಿಗಳನ್ನು ಜೋಡಿಸುತ್ತಿದ್ದರು. "ಮೊದಲನೇದು, ಅಕಿ ಕುಳ್ಳಿ. ಪೆಡಲ್ ಮುಟ್ಟತಿದ್ದಿಲ್ಲ. ಎರಡನೇದು, ಏರು ಬಂದಾಗ ನಾವು ಇಳದು ದಬ್ಬಿದ್ವಿ, ಅದನ್ನ ಅಕಿ ಹೇಳೇ ಇಲ್ಲ ನೋಡು." ಜಾಲಹಳ್ಳಿಯ ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ಹೊರಗೆ ನೋಡುತ್ತ ಕೂತರು. ಒಂದು ಕಡೆ ರಸ್ತೆ ಏರಿದಾಗ ಮಾತ್ರ ನನ್ನ ಮೊಣಕೈ ಹಿಡಿದು, "ಇದ," ಎಂದರು.

ಅಜ್ಜಿ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಮಂಚ ಹಾಕಿಸಿಕೊಂಡು ಕಾಯುತ್ತಿದ್ದರು. ನಿಜವಾಗಿಯೂ ಕುಳ್ಳಗಿದ್ದರು. ಅತ್ತೆಯನ್ನು ನೋಡಿ ಎದ್ದು ನಿಂತರು. ಇಬ್ಬರೂ ಅಪ್ಪಿಕೊಳ್ಳುತ್ತಾರೆ, ಅಳುತ್ತಾರೆ ಎಂದು ನಾನು ಫೋನ್ ಆನ್ ಮಾಡಿ ಹಿಡಿದೆ.

"ಅರೆ, ಎಷ್ಟು ಮುದುಕಿ ಆಗೀಯಬೇ!" ಎಂದರು ಅಜ್ಜಿ.

"ನಿನಕಿಂತ ಆರು ತಿಂಗಳ ಸಣ್ಣಾಕಿ ನಾನು," ಎಂದರು ಅತ್ತೆ. "ಸೈಕಲ್ ತುಳದಾಕಿ ಯಾರು, ಮೊದಲು ಅದನ್ನ ಹೇಳು."

"ನಾನ! ನಮ್ಮಪ್ಪನ ಸೈಕಲ್, ನಾನ ತುಳದೆ!"

ಅಲ್ಲಿಂದ ಮುಂದೆ ಇಬ್ಬರೂ ಒಟ್ಟಿಗೇ ಮಾತಾಡಿದರು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಕನ್ನಡದಿಂದ ದಖನಿ ಉರ್ದುವಿಗೆ ಜಾರಿ ಮತ್ತೆ ಕನ್ನಡಕ್ಕೆ. "ನಕ್ಕೋ ನಕ್ಕೋ, ಸುಳ್ಳು ನಕ್ಕೋ ಬೋಲ್, ಸುಳ್ಳು ಹೇಳಬ್ಯಾಡ" ಎಂದು ಅಜ್ಜಿ ಕೈಯಾಡಿಸಿದರೆ, ಅತ್ತೆ ಮಂಚದ ಕಾಲು ಬಡಿದರು. ಅಷ್ಟರಲ್ಲಿ ಅರವತ್ತರ ಹತ್ತಿರದ ಒಬ್ಬ ಗಂಡಸು ಟೀ ತಂದಿಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ಅವರದು ಚಹಾದ ಹೋಟೆಲು. ಅಜ್ಜಿಯ ಚಿಕ್ಕಮ್ಮನ ಮಗ.

"ಅವತ್ತು ಹುಟ್ಟಿದಾಂವ ನಾನರೀ," ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಸಣ್ಣಾಂವ ಇದ್ದಾಗಿಂದ ಈ ಸೈಕಲ್ ಕೇಳಿ ಕೇಳಿ ಸಾಕಾಗ್ಯದ. ಹಡದಾಕಿ ನಮ್ಮವ್ವ, ಹುಟ್ಟಿದಾಂವ ನಾನು. ನಮ್ಮನ್ನ ಯಾರೂ ಕೇಳಲ್ಲ."

ನನಗೆ ಆ ಮನುಷ್ಯನ ಮೇಲೆ ತುಂಬ ಸ್ನೇಹ ಹುಟ್ಟಿತು.

ಕೊನೆಗೆ ಅಜ್ಜಿಯೇ ಒಂದು ಉಪಾಯ ತೆಗೆದರು. "ಹಿಂದ ಕುಂತಾಕಿ ಕಾಲು ಗಾಲ್ಯಾಗ ಸಿಕ್ಕಿತ್ತು. ಹಿಮ್ಮಡ ಹರದು ರಕ್ತ ಬಂದಿತ್ತು. ತೋರ್ಸು ನಿನ್ನ ಕಾಲು."

ಅತ್ತೆ ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡರು. ಅಷ್ಟೇ ಸಾಕಾಗಿತ್ತು. ಅಜ್ಜಿ ಬಾಗಿ ಸೀರೆ ಸರಿಸಿ ಬಲಗಾಲಿನ ಹಿಮ್ಮಡಿಯನ್ನು ಹಿಡಿದರು. ಅಲ್ಲಿ ಎಲುಬಿನ ಮೇಲೆ ಬೆರಳಗಲದ ಬಿಳಿ ಗಾಯದ ಗುರುತಿತ್ತು. ಇಷ್ಟು ವರ್ಷ ಆ ಕಾಲಿಗೆ ನಮಸ್ಕಾರ ಮಾಡಿದ್ದೇನೆ, ನಾನು ನೋಡಿರಲಿಲ್ಲ.

"ಅರ್ಧ ದಾರಿ," ಎಂದರು ಅತ್ತೆ. "ಅರ್ಧ ದಾರಿ ನಾ ತುಳದೀನಿ. ನಿನ್ನ ಕಾಲು ಮುಟ್ಟತಿದ್ದಿಲ್ಲ."

"ಹೌದು," ಎಂದರು ಅಜ್ಜಿ. ಹಿಮ್ಮಡಿ ಇನ್ನೂ ಬಿಟ್ಟಿರಲಿಲ್ಲ. "ಏರಿನಿಂದ ಆಚೆ ನೀ ತುಳದಿ. ಈ ರಕ್ತ ಸುರಿಯೋ ಕಾಲಿಲೆ. ಅದನ್ನ ಆ ರೆಕಾರ್ಡ್ ಮಾಡೋ ಹುಡುಗಿಗೆ ಹೇಳಾಕ ಮರತೆ."

ಆಗ ಇಬ್ಬರೂ ಅತ್ತರು. ಸಂಜೆಯ ಬಸ್ಸಿನವರೆಗೆ ಅವರನ್ನು ಎಬ್ಬಿಸಲಾಗಲಿಲ್ಲ.

ಅದರ ಫಲವನ್ನು ನಾನು ಎರಡು ವಾರ ಉಂಡೆ. ಇಬ್ಬರು ಮುದುಕಿಯರು ಎರಡು ಭಾಷೆಗಳಲ್ಲಿ ಒಟ್ಟಿಗೆ ಕೂಗಾಡಿದ್ದನ್ನು ಬಿಡಿಸಿ ಬರೆಯುವುದೆಂದರೆ ಸಿಕ್ಕಾದ ನೂಲು ಬಿಡಿಸಿದಂತೆ. ಅಷ್ಟು ಹೊಗಳಿಸಿಕೊಂಡ ಓಪನ್‌ಬ್ಯಾಕ್ ಇಲ್ಲಿ ಏನೂ ಮಾಡಲಾರದೆ ಹೋಯಿತು. ಇಬ್ಬರೂ ಒಂದೇ ಮಂಚದ ಮೇಲಿಂದ ಒಂದೇ ಫೋನಿಗೆ ಕೂಗಿದ್ದರು. ಸಂಶೋಧಕಿಗೆ ಮಾತ್ರ ಎಲ್ಲಿಲ್ಲದ ಖುಷಿ. ಎರಡೂ ಕತೆಗಳನ್ನು ಹಾಗೇ ಇಡುತ್ತೇವೆ ಎಂದರು. ಅಷ್ಟೇ ಅಲ್ಲ, ಹಳೆಯ ಪದಗಳು ಅತ್ತೆಗೆ ತಿಳಿಯುತ್ತವೆಂದು ಕಂಡು, ಒಂದು ಕಾಗದಕ್ಕೆ ಸಹಿ ಮಾಡಿಸಿ ಅವರನ್ನು ನನ್ನ ಸಹಾಯಕಿಯಾಗಿ ಮಾಡಿಬಿಟ್ಟರು. ಧ್ವನಿ ಕೊಟ್ಟವರು ಒಪ್ಪಿದ ಕಡತಗಳನ್ನು ಅವರೂ ಕೇಳಬಹುದು.

ಅದರಿಂದ ನನ್ನ ಬದುಕು ಸುಲಭವಾಯಿತೆಂದು ಯಾರಾದರೂ ತಿಳಿದರೆ ಅವರು ನಮ್ಮ ಅತ್ತೆಯನ್ನು ನೋಡಿಲ್ಲ. ಈಗ ದಿನವೂ ನಸುಕಿನಲ್ಲಿ, ಕೂಲರ್ ಹಚ್ಚುವ ಮುಂಚೆ, ಕುರ್ಚಿ ಎಳೆದು ನನ್ನ ಬಲಗಡೆ ಕೂರುತ್ತಾರೆ. ಹೆಡ್‌ಫೋನನ್ನು ನೀವೇ ಹಾಕಿಕೊಳ್ಳಿ ಎಂದರೆ ಕೂದಲು ಸಿಕ್ಕುತ್ತದೆ, ಬ್ಯಾಡ, ಸೋರಿದ್ದು ಸಾಕು ಎನ್ನುತ್ತಾರೆ. ಅವರಿಗೆ ಕೇಳಲೆಂದು ನಾನು ದನಿ ಏರಿಸಬೇಕು, ನನ್ನ ಕಿವಿ ನೋಯಬೇಕು. ಒಂದು ಪದದ ಅರ್ಥ ಕೇಳಿದರೆ ಆ ಪದ ಬಳಸುತ್ತಿದ್ದ ಮೂರು ಮನೆತನಗಳ ಚರಿತ್ರೆ ಬರುತ್ತದೆ. ಮಖಮಲ್ಲಿನ ದಿಂಬುಗಳಿಗೆ ನನ್ನ ತಲೆಯ ಎಣ್ಣೆ, ಅವರ ಜೋಳದ ಹೊಟ್ಟು ಎರಡೂ ಅಂಟಿವೆ. ವಾಯರು ಮೊನ್ನೆ ಅವರ ಕಾಲಿಗೆ ತೊಡರಿ ಲ್ಯಾಪ್‌ಟಾಪು ಮೇಜಿನಿಂದ ಬೀಳುವುದರಲ್ಲಿತ್ತು. ಕಿವಿ ಮಾತ್ರ ಶುದ್ಧವಾಗಿದೆ, ಡಾಕ್ಟರು ಮೆಚ್ಚಿಕೊಂಡರು.

ಮದುವೆಯ ಸೀಜನ್ ಮುಗಿದು ತಿಂಗಳಾಯಿತು. ನಿನ್ನೆ ಮೈದುನ ಫೋನ್ ಮಾಡಿ, "ಯವ್ವನ್ನ ಯಾವಾಗ ಕಳಸ್ತೀರಿ ಅತ್ತಿಗಿ?" ಎಂದು ಕೇಳಿದ. ನಾನು ಉತ್ತರ ಕೊಡುವ ಮುಂಚೆಯೇ ಪಕ್ಕದಿಂದ ಅತ್ತೆ, "ಕೆಲಸ ಅದ ನನಗ, ಈಗ ಬರಾಕಾಗಲ್ಲಂತ ಹೇಳು," ಎಂದು, ಫೋನ್ ಇಡು ಎಂದು ನನಗೆ ಸನ್ನೆ ಮಾಡಿ, ಚಂದ್ರಬಂಡದ ಮುದುಕ ಈಗ ಏನೋ ಅಂದ, ಹಿಂದಕ್ಕ ಹೋಗಿ ಇನ್ನೊಮ್ಮೆ ಹಚ್ಚು ಎಂದರು.